ಕ್ಯಾಂಡಿ ಟ್ಯಾಂಕಿಗೆ ಹಾಕಿದ ಫುಡ್ ಗ್ರೇಡ್ ಗ್ಲೈಕಾಲ್: ಮಳೆಗಾಲ ಕಳೆದ ಮೇಲೆ ಬರೆದದ್ದು

ಮುಂಬೈನ ಭಾಂಡುಪ್‌ನ ನಮ್ಮ ಗಾಲಾದಲ್ಲಿ (ಸಣ್ಣ ಕಾರ್ಖಾನೆ ಮಳಿಗೆಯಲ್ಲಿ) ಐಸ್ ಕ್ಯಾಂಡಿ ಮತ್ತು ಕುಲ್ಫಿ ಮಾಡುತ್ತೇವೆ. ಮೆಷಿನ್ನಿನ ಟ್ಯಾಂಕಿಗೆ ಮಸ್ಜಿದ್ ಬಂದರ್‌ನ ಒಂದು ಕೆಮಿಕಲ್ ಅಂಗಡಿಯಿಂದ ನೀರು ಚಳಿಗೆ ಗಟ್ಟಿಯಾಗದಂತೆ ಬೆರೆಸುವ ಪ್ರೊಪಿಲೀನ್ ಗ್ಲೈಕಾಲ್ ತಂದು ಹಾಕಿದ್ದೇವೆ. ಆ ಸರಕು ಹೇಗಿದೆ, ಅಂಗಡಿ ಹೇಗಿದೆ, ಅಲ್ಲೇ ಕೊಂಡ, ಗ್ಲೈಕಾಲಿನ ಗಾಢತೆ ಅಳೆಯುವ ಪುಟ್ಟ ರಿಫ್ರಾಕ್ಟೋಮೀಟರ್ ಹೇಗಿದೆ ಅಂತ ಕೇಳುವವರು ಜಾಸ್ತಿಯಾಗಿದ್ದಾರೆ. ಎಲ್ಲರಿಗೂ ಫೋನಿನಲ್ಲಿ ಹೇಳಿ ಹೇಳಿ ಸಾಕಾಯಿತು. ಮಾರ್ಕು ಮೊದಲೇ ಕೊಟ್ಟುಬಿಡುತ್ತೇನೆ. ಸರಕಿಗೆ ಐದಕ್ಕೆ ನಾಲ್ಕು. ರಿಫ್ರಾಕ್ಟೋಮೀಟರಿಗೆ ಐದಕ್ಕೆ ಐದು. ಅಂಗಡಿಗೆ ಮೂರೂವರೆ.

ಕ್ಯಾಂಡಿ ಮೆಷಿನ್ ನೋಡದವರಿಗೆ ಎರಡು ಮಾತು. ಅದೊಂದು ಸ್ಟೀಲಿನ ಉದ್ದ ತೊಟ್ಟಿ. ಚಳಿ ಹೊರಗೆ ಹೋಗದ ಹಾಗೆ ಸುತ್ತಲೂ ಪಫ್ ಎಂಬ ಫೋಮ್ ತುಂಬಿರುತ್ತದೆ. ಒಳಗೆ ತಾಮ್ರದ ಕಾಯಿಲ್, ಪಕ್ಕದಲ್ಲಿ ಕಂಪ್ರೆಸರ್. ತೊಟ್ಟಿಯಲ್ಲಿ ಇರುವ ನೀರು ಮೈನಸ್ 18, ಮೈನಸ್ 20 ಡಿಗ್ರಿಗೆ ಹೋದರೂ ಗಟ್ಟಿಯಾಗಬಾರದು. ಒಳಗೆ ಏನೇ ಹಾಕಿರಲಿ, ನಾವೆಲ್ಲ ಅದನ್ನು ಬ್ರೈನ್ ಎನ್ನುತ್ತೇವೆ. ಸ್ಟಿರರ್ ಮೋಟಾರ್ ಅದನ್ನು ಸದಾ ತಿರುಗಿಸುತ್ತಿರುತ್ತದೆ. ಹಾಲು ತುಂಬಿದ ಮೋಲ್ಡನ್ನು ಅದರಲ್ಲಿ ಇಳಿಸಿ, ಕಡ್ಡಿ ಸಿಕ್ಕಿಸಿ, ಗಟ್ಟಿಯಾದ ಮೇಲೆ ಎತ್ತಿ, ಬೆಚ್ಚಗಿನ ನೀರಲ್ಲಿ ಒಂದು ಸಲ ಅದ್ದಿ ಎಳೆದರೆ ಕ್ಯಾಂಡಿ ಈಚೆ ಬರುತ್ತದೆ.

ಮಾವನವರು ಈ ಕೆಲಸ ಶುರು ಮಾಡಿದಾಗ ಬ್ರೈನ್ ಅಂದರೆ ಉಪ್ಪು ನೀರು, ಅಷ್ಟೇ. ಉಪ್ಪಿಗೆ ಒಂದು ಮಿತಿ ಇದೆ. ನೀರಿನಲ್ಲಿ ಉಪ್ಪು 23 ಪರ್ಸೆಂಟ್ ಇದ್ದಾಗ ಅದು ಮೈನಸ್ 21 ಡಿಗ್ರಿವರೆಗೆ ತಡೆಯುತ್ತದೆ. ಅದಕ್ಕಿಂತ ಜಾಸ್ತಿ ಸುರಿದರೂ ಇನ್ನೂ ಕೆಳಗೆ ಇಳಿಯುವುದಿಲ್ಲ. ಸಸೂನ್ ಡಾಕ್ ಕಡೆ ಮೀನಿಗೆ ಐಸ್ ಗಡ್ಡೆ ಮಾಡುವವರಿಗೆ ಅಷ್ಟು ಚಳಿ ಧಾರಾಳ ಸಾಕು. ಕ್ಯಾಂಡಿಗೆ ಸಾಲದು. ಹಾಗಾಗಿ ಆಮೇಲೆ ಕ್ಯಾಲ್ಸಿಯಂ ಕ್ಲೋರೈಡ್ ಬಂತು. ಅದು ಅಗ್ಗ. 30 ಪರ್ಸೆಂಟ್ ಹತ್ತಿರ ಹಾಕಿದರೆ ಮೈನಸ್ 50ರ ತನಕ ತಡೆಯುತ್ತದೆ. ತೆಳ್ಳಗೆ ಇರುವುದರಿಂದ ಚಳಿಯನ್ನು ಬೇಗ ಸಾಗಿಸುತ್ತದೆ. ಆದರೆ ಅದರ ಕ್ಲೋರೈಡ್ ಸ್ಟೀಲನ್ನು ತಿನ್ನುತ್ತದೆ. ಮೈತುಂಬ ತುಕ್ಕು ಹಿಡಿದರೆ ಕಣ್ಣಿಗೆ ಕಾಣುತ್ತದೆ, ಇದು ಹಾಗಲ್ಲ. ಅಲ್ಲೊಂದು ಇಲ್ಲೊಂದು ಸೂಜಿಮೊನೆಯಷ್ಟು ತೂತು. ಮೋಲ್ಡಿಗೆ ತೂತು ಬಿದ್ದರೆ ಬ್ರೈನ್ ನೇರವಾಗಿ ಕ್ಯಾಂಡಿಯ ಒಳಗೆ.

ಆಗೆಲ್ಲ ಶಾಲೆ ಮಕ್ಕಳು ಒಂದು ಸಲ ನೆಕ್ಕಿ, ಮುಖ ಕಿವುಚಿ, ಕೈಗಾಡಿಯವನಿಗೆ ವಾಪಸ್ ಕೊಡುತ್ತಿದ್ದರಂತೆ. ಸಂಜೆ ಮಾವ ಮೋಲ್ಡುಗಳಿಗೆಲ್ಲ ನೀರು ತುಂಬಿ, ತೂತು ಹುಡುಕಿ, ಬೆಸುಗೆ ಹಾಕಿಸುತ್ತಿದ್ದರು. ಉಪ್ಪು ಸೋರಿದರೆ ತಾನಾಗಿಯೇ ಹೇಳುತ್ತದೆ. ಗ್ಲೈಕಾಲ್ ಹೇಳುವುದಿಲ್ಲ, ಯಾಕೆಂದರೆ ಅದು ಸಿಹಿ. ಸಿಹಿ ಕ್ಯಾಂಡಿಯೊಳಗೆ ಸಿಹಿ ಗ್ಲೈಕಾಲ್ ಸೇರಿದರೆ ಯಾವ ಮಗುವಿಗೂ ಗೊತ್ತಾಗುವುದಿಲ್ಲ. ದೂರು ಬರುವುದಿಲ್ಲ. ನಮಗೂ ತಿಳಿಯುವುದಿಲ್ಲ. ತಿನ್ನುವ ವಸ್ತುವಿನ ಪಕ್ಕ ಗ್ಲೈಕಾಲ್ ಇಡುವವರು ಬೆಲೆ ಕೇಳುವ ಮುಂಚೆ ಯೋಚಿಸಬೇಕಾದ್ದು ಇದನ್ನೇ.

ಬಜಾರಿನಲ್ಲಿ ಎರಡು ಗ್ಲೈಕಾಲ್ ಸಿಗುತ್ತವೆ. ಒಂದು ಎಥಿಲೀನ್ ಗ್ಲೈಕಾಲ್, ವ್ಯಾಪಾರಿಗಳ ಬಾಯಲ್ಲಿ ಎಂಇಜಿ. ಇನ್ನೊಂದು ಪ್ರೊಪಿಲೀನ್ ಗ್ಲೈಕಾಲ್, ಪಿಜಿ. ನೋಡಲು ಎರಡೂ ಒಂದೇ, ಬಣ್ಣವಿಲ್ಲ, ವಾಸನೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಎಂಇಜಿ ಪಿಜಿಗಿಂತ ಅಗ್ಗಕ್ಕೆ ಸಿಗುತ್ತದೆ. ಚಳಿಯಲ್ಲಿ ಪಿಜಿಯಷ್ಟು ಮಂದ ಆಗುವುದಿಲ್ಲ, ಪಂಪಿಗೆ ಹಗುರ. ಊಟ ತಿಂಡಿಗೆ ಸಂಬಂಧವೇ ಇಲ್ಲದ ಕಡೆ, ಉದಾಹರಣೆಗೆ ಪ್ಲಾಸ್ಟಿಕ್ ಫ್ಯಾಕ್ಟರಿಯಲ್ಲಿ ನೀರು ತಣಿಸುವ ಚಿಲ್ಲರ್‌ಗೆ, ಎಂಇಜಿ ಒಳ್ಳೆಯ ಸರಕೇ. ಆದರೆ ಅದು ವಿಷ. ಹೊಟ್ಟೆಗೆ ಹೋದರೆ ಲಿವರ್ ಅದನ್ನು ಆಕ್ಸಾಲಿಕ್ ಆಮ್ಲವಾಗಿ ಒಡೆಯುತ್ತದೆ. ಅದು ಕ್ಯಾಲ್ಸಿಯಂ ಜೊತೆ ಸೇರಿ ಹರಳಾಗಿ ಕಿಡ್ನಿಯಲ್ಲಿ ಕೂರುತ್ತದೆ. ಗಾಲಾದ ಅಂಗಳದಲ್ಲಿ ಚೆಲ್ಲಿದ ಎಂಇಜಿಯನ್ನು ಸಿಹಿ ಅಂತ ನೆಕ್ಕಿದ ನಾಯಿ, ಬೆಕ್ಕು ಉಳಿಯುವುದು ಕಷ್ಟ. ಪಿಜಿಯ ಕಥೆ ಬೇರೆ. ಶರೀರ ಅದನ್ನು ಲ್ಯಾಕ್ಟಿಕ್ ಆಮ್ಲವಾಗಿ ಒಡೆದು ಅರಗಿಸಿಕೊಳ್ಳುತ್ತದೆ. ಆಹಾರಕ್ಕೆ ಸೇರಿಸುವ ವಸ್ತುಗಳ ಪಟ್ಟಿಯಲ್ಲಿ ಅದಕ್ಕೆ ಐಎನ್ಎಸ್ 1520 ಅಂತ ನಂಬರೇ ಇದೆ. ಹಾಗಂತ ಕುಡಿಯಲು ಅಲ್ಲ. ಸೋರಿದ ಮೋಲ್ಡ್ ಸೋರಿದ ಮೋಲ್ಡೇ, ಎಸೆಯಬೇಕು. ಆದರೂ ಕಣ್ಣಿಗೆ ಬೀಳದ ತೂತೊಂದು ಇದ್ದರೆ ಅನಾಹುತ ಆಗುವುದಿಲ್ಲ ಎಂಬ ಧೈರ್ಯ ಇರುತ್ತದೆ, ಅಲ್ವಾ?

ನಮ್ಮ ಈಗಿನ ಮೆಷಿನ್ ಸೆಕೆಂಡ್ ಹ್ಯಾಂಡ್. ಕೊಟ್ಟ ಪಾರ್ಟಿ ಟ್ಯಾಂಕು ತುಂಬಾ ಹಸಿರು ನೀರಿನ ಸಮೇತ ಕೊಟ್ಟರು. "ಗ್ಲೈಕಾಲ್ ಫ್ರೀ ಕೊಟ್ಟಿದ್ದೇವೆ" ಅಂತ ಉಪಕಾರದ ಮಾತು ಬೇರೆ. ಯಾವ ಗ್ಲೈಕಾಲ್ ಅಂದರೆ ಉತ್ತರ ಇಲ್ಲ, ಬಿಲ್ ಇಲ್ಲ, ಡಬ್ಬಿಯೂ ಇಲ್ಲ. ನಮ್ಮ ರೆಫ್ರಿಜರೇಶನ್ ಮೆಕ್ಯಾನಿಕ್ ಸಾತಾರಾ ಕಡೆಯವರು. ಟ್ಯಾಂಕಿಗೆ ಟಾರ್ಚ್ ಹಾಕಿ ನೋಡಿ, "ವಹಿನಿ, ಇದು ಗಾಡಿಯ ಕೂಲೆಂಟ್ ಥರ ಇದೆ, ಒಂದು ಕ್ಯಾಂಡಿಯನ್ನೂ ಹಾಕಬೇಡಿ" ಅಂದರು. ಖಾಲಿ ಮಾಡಿದಾಗ ಕಾಯಿಲ್ ಮೇಲೆ ಲೋಳೆ ಲೋಳೆ ಪದರ ಕಂಡಿತು. ಹಳೇ ನಮೂನೆಯ ಕಾರಿನ ಕೂಲೆಂಟಿಗೆ ಸಿಲಿಕೇಟ್ ಹಾಕಿರುತ್ತಾರೆ. ಕಾರಿನ ಅಲ್ಯೂಮಿನಿಯಂ ಕಾಯಲು ಅದು ಬೇಕು. ಚಿಲ್ಲರ್‌ನಲ್ಲಿ, ಕ್ಯಾಂಡಿ ಟ್ಯಾಂಕಿನಲ್ಲಿ ಅದೇ ಸಿಲಿಕೇಟ್ ಜೆಲ್ ಆಗಿ ಕಾಯಿಲ್ಲಿಗೆ ಅಂಟುತ್ತದೆ. ಅಂಟಿದ ಮೇಲೆ ಕಾಯಿಲ್‌ನ ಚಳಿ ಬ್ರೈನಿಗೆ ದಾಟುವುದಿಲ್ಲ, ಕಂಪ್ರೆಸರ್ ಸುಮ್ನೆ ಓಡುತ್ತದೆ, ಕರೆಂಟ್ ಬಿಲ್ ಏರುತ್ತದೆ.

ಬಣ್ಣ ನೋಡಿ ಕೊಳ್ಳುವವರಿಗೆ ಇಲ್ಲೇ ಒಂದು ಮಾತು. ಹಸಿರು ಅಂದರೆ ಎಂಇಜಿ, ನೀಲಿ ಅಂದರೆ ಪಿಜಿ ಅಂತ ಕೆಲವರು ಕಣ್ಣು ಮುಚ್ಚಿ ಹೇಳುತ್ತಾರೆ. ಬಣ್ಣ ಬರೀ ಡೈ. ಯಾವ ಕಂಪನಿ ಯಾವ ಬಣ್ಣ ಹಾಕಬೇಕು ಎಂಬ ಕಟ್ಟುಪಾಡು ಇಲ್ಲ.

ಅಂಗಡಿಯ ವಿಷಯಕ್ಕೆ ಬರುತ್ತೇನೆ. ಮಸ್ಜಿದ್‌ಗೆ ಸ್ಲೋ ಲೋಕಲ್ ಹಿಡಿಯಬೇಕು, ಫಾಸ್ಟ್ ನಿಲ್ಲುವುದಿಲ್ಲ. ಸ್ಟೇಷನ್ನಿನಿಂದ ವಡ್‌ಗಾದಿ ಕಡೆ ನಡೆದರೆ ಕೆಮಿಕಲ್ ಅಂಗಡಿಗಳ ಸಾಲು. ಹಾತ್‌ಗಾಡಿ, ಡ್ರಮ್ಮು, ಗೋಣಿ, ಅದರ ಮಧ್ಯೆ ಮೈ ಮುದುರಿಕೊಂಡು ಹೋಗಬೇಕು. ನಾನು ಹೋದ ಅಂಗಡಿಯಲ್ಲಿ ಲೆಕ್ಕ ಬರೆಯುವವರು ಬೈಂದೂರು ಕಡೆಯವರು. ಮೊಬೈಲಿನಲ್ಲಿ ನಮ್ಮೆಜಮಾನರ ಜೊತೆ ನಾನು ಮಾತಾಡುವುದು ಕೇಳಿ ತಾವೇ ಎದ್ದು ಬಂದರು.

"ಅಕ್ಕಾ, ಪಿಜಿ ಎಂತದಕ್ಕೆ ಬೇಕು?" ಅಂತ ಮೊದಲ ಪ್ರಶ್ನೆ.

"ಕ್ಯಾಂಡಿ ಟ್ಯಾಂಕಿಗೆ ಅಣ್ಣಾ."

"ಹಾಗಾದರೆ ಬರೀ ಪಿಜಿ ತಗೊಳ್ಳಬೇಡಿ. ಇನ್‌ಹಿಬಿಟರ್ ಹಾಕಿದ್ದು ತಗೊಳ್ಳಿ. ಕಿಲೋಗೆ ಸ್ವಲ್ಪ ಜಾಸ್ತಿ."

ಅಂಗಡಿಗೆ ಕೊಟ್ಟ ಮಾರ್ಕಿನಲ್ಲಿ ದೊಡ್ಡ ಪಾಲು ಈ ಒಂದು ಪ್ರಶ್ನೆಗೆ. ಅದಕ್ಕೆ ಮುಂಚೆ ವಿಚಾರಿಸಿದ ಕಡೆಯೆಲ್ಲ ಎಷ್ಟು ಕಿಲೋ ಅಂತ ಕೇಳಿದ್ದರೇ ಹೊರತು ಎಂತದಕ್ಕೆ ಅಂತ ಯಾರೂ ಕೇಳಿರಲಿಲ್ಲ. ಇನ್‌ಹಿಬಿಟರ್ ಅಂದರೆ ಲೋಹ ಕೊರೆಯದಂತೆ ತಡೆಯುವ ವಸ್ತು. ಅದಿಲ್ಲದ ಬರೀ ಗ್ಲೈಕಾಲನ್ನು ನೀರಿಗೆ ಬೆರೆಸಿದರೆ ಅದು ಬರೀ ನೀರಿಗಿಂತ ಹೆಚ್ಚಾಗಿ ಲೋಹವನ್ನು ಕೊರೆಯುತ್ತದೆ. ಗಾಳಿಯ ಆಕ್ಸಿಜನ್ ತಾಗಿ ಗ್ಲೈಕಾಲ್ ನಿಧಾನಕ್ಕೆ ಹುಳಿಯಾಗುತ್ತದೆ, ಆಮ್ಲ ಆಗುತ್ತದೆ. ನಮ್ಮದು ಮೇಲೆ ತೆರೆದ ಟ್ಯಾಂಕು, ಮೇಲಾಗಿ ಸ್ಟಿರರ್ ಬೇರೆ ಗಾಳಿ ಕಲಸುತ್ತದೆ. ನಾನು ತಂದದ್ದರಲ್ಲಿ ಇನ್‌ಹಿಬಿಟರ್ ಆಗಿ ಡೈಪೊಟ್ಯಾಸಿಯಂ ಫಾಸ್ಫೇಟ್ ಇದೆ. ಅದು ಹುಳಿಯನ್ನು ತಡೆದು, ಲೋಹದ ಮೇಲೆ ತೆಳು ಪದರವಾಗಿ ನಿಲ್ಲುತ್ತದೆ. ಅದೂ ಆಹಾರದಲ್ಲಿ ಬಳಸುವ ವಸ್ತುವೇ. ಪಿಜಿ ಫುಡ್ ಗ್ರೇಡ್ ಆದರೆ ಸಾಲದು, ಅದರೊಳಗಿನ ಇನ್‌ಹಿಬಿಟರ್ ಕೂಡ ಹಾಗೇ ಇರಬೇಕು. ಇದನ್ನು ಬಾಯಿಬಿಟ್ಟು ಕೇಳಿ.

ಎರಡನೆಯದು ಕಾಗದ. ಡ್ರಮ್ಮಿನ ಮೇಲಿನ ಬ್ಯಾಚ್ ನಂಬರಿಗೂ ಅವರು ಕೊಟ್ಟ ಅನಾಲಿಸಿಸ್ ಸರ್ಟಿಫಿಕೇಟಿಗೂ ತಾಳೆ ನೋಡಿದೆ. ಬೇಸ್ ಪಿಜಿ ಐಪಿ ಗ್ರೇಡ್, ಅಂದರೆ ಔಷಧಿಗೆ ಹಾಕುವ ದರ್ಜೆ. ಸರ್ಟಿಫಿಕೇಟಿನಲ್ಲಿ ಎಥಿಲೀನ್ ಗ್ಲೈಕಾಲ್ ಎಷ್ಟು, ಡೈಎಥಿಲೀನ್ ಗ್ಲೈಕಾಲ್ ಎಷ್ಟು ಅಂತ ಬೇರೆ ಬೇರೆ ಸಾಲು ಇರುತ್ತದೆ. ಒಂದೊಂದೂ 0.10 ಪರ್ಸೆಂಟ್ ಮೀರಬಾರದು. ಆ ಸಾಲು ಇಲ್ಲದ ಕಾಗದ ಕೊಟ್ಟರೆ ತಗೊಳ್ಳಬೇಡಿ. ಹೆಂಗಸು ಬಂದು ಕಾಗದ ಓದುತ್ತಾಳಲ್ಲ ಅಂತ ಗಲ್ಲಾದಲ್ಲಿ ಕೂತಿದ್ದ ಸೇಠ್ ಸ್ವಲ್ಪ ನಕ್ಕರು. ನಗಲಿ. ಇದೇ ಮುಂಬೈನ ಜೆ.ಜೆ. ಆಸ್ಪತ್ರೆಯಲ್ಲಿ 1986ರ ಶುರುವಿನಲ್ಲಿ 14 ರೋಗಿಗಳು ಸತ್ತದ್ದು ಡೈಎಥಿಲೀನ್ ಗ್ಲೈಕಾಲ್ ಬೆರೆತ ಗ್ಲಿಸರಿನ್ ಕೊಟ್ಟದ್ದಕ್ಕೆ. ನ್ಯಾಯಮೂರ್ತಿ ಲೆಂಟಿನ್ ಅವರ ಆಯೋಗ ಅದರ ವಿಚಾರಣೆ ನಡೆಸಿತ್ತು. ಮಾವ ಆಗಿನ ಪೇಪರ್ ಸುದ್ದಿಯನ್ನು ಇವತ್ತಿಗೂ ನೆನೆಸಿಕೊಳ್ಳುತ್ತಾರೆ. ಇದೇ ವಿಷ ಬೆರೆತ ಮಕ್ಕಳ ಕೆಮ್ಮಿನ ಸಿರಪ್ಪಿನ ಸುದ್ದಿಯಂತೂ ಈಚಿನದು. ಗ್ಲಿಸರಿನ್ ಇರಲಿ, ಪಿಜಿ ಇರಲಿ, ಪಾರದರ್ಶಕವಾದ ಸಿಹಿ ದ್ರವಕ್ಕೆ ಇನ್ನೊಂದು ಪಾರದರ್ಶಕ ಸಿಹಿ ದ್ರವ ಬೆರೆಸುವುದು ಸುಲಭ. ಕಣ್ಣಿಂದ ಪತ್ತೆ ಮಾಡಲು ಆಗುವುದಿಲ್ಲ.

ಪೂರ್ತಿ ಡ್ರಮ್ಮು 215 ಕಿಲೋ. ನಮಗೆ ಅಷ್ಟು ಬೇಡ. ಕಂಪನಿ ಸೀಲ್ ಇರುವ ಸಣ್ಣ ಕ್ಯಾನುಗಳಲ್ಲೇ ತಗೊಂಡೆವು. ಡ್ರಮ್ಮಿನಿಂದ ಸುರಿದುಕೊಟ್ಟರೆ ಅಗ್ಗ ಆಗುತ್ತಿತ್ತು. ಆದರೆ ಸುರಿದುಕೊಟ್ಟ ಸರಕಿಗೆ ಸರ್ಟಿಫಿಕೇಟ್ ಏನು ಸಾಕ್ಷಿ ಹೇಳುತ್ತದೆ? ಬಿಲ್ಲಿಗೆ 18 ಪರ್ಸೆಂಟ್ ಜಿಎಸ್‌ಟಿ ಸೇರುತ್ತದೆ, ನೆನಪಿರಲಿ.

ಇನ್ನು ಬೆರೆಸುವ ಲೆಕ್ಕ. ಪಿಜಿ 30 ಪರ್ಸೆಂಟ್ ಇದ್ದರೆ ಮೈನಸ್ 13ರ ಸುಮಾರಿಗೆ ಹರಳು ಕಟ್ಟಲು ಶುರು. 40ಕ್ಕೆ ಮೈನಸ್ 21. 50ಕ್ಕೆ ಮೈನಸ್ 33. ನಮ್ಮ ಬ್ರೈನ್ ಮೈನಸ್ 18ರಿಂದ 20ರಲ್ಲಿ ಓಡುತ್ತದೆ, ಹಾಗಾದರೆ 40 ಸಾಕಲ್ವಾ ಅಂತ ನಮ್ಮೆಜಮಾನರು ಕೇಳಿದರು. ಸಾಲದು. ಬ್ರೈನಿಗಿಂತ ಕಾಯಿಲ್ಲಿನ ಮೈ ಇನ್ನೂ ಐದಾರು ಡಿಗ್ರಿ ತಣ್ಣಗಿರುತ್ತದೆ. ಅಲ್ಲಿ ಮೊದಲು ಐಸ್ ಕಟ್ಟುತ್ತದೆ. ಕಟ್ಟಿದ ಐಸೇ ಚಳಿಗೆ ಗೋಡೆಯಾಗುತ್ತದೆ. ಹಾಗಂತ 50, 60 ಅಂತ ಏರಿಸಿದರೆ ಪಿಜಿ ಆ ಚಳಿಯಲ್ಲಿ ಜೋನಿ ಬೆಲ್ಲದ ಹಾಗೆ ಎಳೆಯುತ್ತದೆ. ಸ್ಟಿರರ್ ಮೋಟಾರ್ ಬಿಸಿಯಾಗುತ್ತದೆ. ಮೂಲೆಯ ಮೋಲ್ಡುಗಳ ಹತ್ತಿರ ಬ್ರೈನ್ ಅಲುಗುವುದೇ ಇಲ್ಲ. ಜಾಸ್ತಿ ಹಾಕಿದಷ್ಟೂ ಒಳ್ಳೆಯದು ಎಂಬುದು ಎಂಇಜಿಗಂತೂ ಸುಳ್ಳು. ನೀರೇ ಇಲ್ಲದ ಎಂಇಜಿ ಮೈನಸ್ 13ಕ್ಕೇ ಗಟ್ಟಿಯಾಗುತ್ತದೆ. ನೀರು ಬೆರೆತಾಗಲೇ ಅದಕ್ಕೆ ಚಳಿ ತಡೆಯುವ ಶಕ್ತಿ.

ನಾವು 45ಕ್ಕೆ ನಿಂತೆವು. ಟ್ಯಾಂಕು 180 ಲೀಟರ್. ಅದಕ್ಕೆ 81 ಲೀಟರ್ ಗ್ಲೈಕಾಲ್, ಉಳಿದದ್ದು ನೀರು. ಮೈನಸ್ 26ರ ತನಕ ಚಿಂತೆ ಇಲ್ಲ. ಪಿಜಿ ನೀರಿಗಿಂತ ಸ್ವಲ್ಪವೇ ಭಾರ, ಲೀಟರಿಗೆ 1.036 ಕಿಲೋ. ಕಿಲೋ ಲೆಕ್ಕದಲ್ಲಿ ಕೊಳ್ಳುವಾಗ 84 ಕಿಲೋ ಅಂತ ಹಿಡಿಯಿರಿ.

ನೀರು ಯಾವುದು ಎಂಬುದು ಇನ್ನೊಂದು ದೊಡ್ಡ ಮಾತು. ಮುಂಬೈಗೆ ನೀರು ಶುದ್ಧ ಮಾಡುವ ಭಾಂಡುಪ್ ಕಾಂಪ್ಲೆಕ್ಸ್ ನಮ್ಮ ಬಗಲಲ್ಲೇ ಇದೆ. ಆದರೂ ನಲ್ಲಿ ನೀರು ಹಾಕಲಿಲ್ಲ. ಕುಡಿಯಲು ಅದು ಒಳ್ಳೆಯದೇ. ಆದರೆ ಅದರಲ್ಲಿ ಕ್ಲೋರಿನ್ ಇದೆ, ಲವಣ ಇದೆ. ಗಾಲಾಕ್ಕೆ ಬರುವ ಟ್ಯಾಂಕರ್ ನೀರಿನ ಕಥೆಯಂತೂ ಕೇಳಬೇಡಿ. ಗಡಸು ನೀರಿನ ಕ್ಯಾಲ್ಸಿಯಂ ಇನ್‌ಹಿಬಿಟರಿನ ಫಾಸ್ಫೇಟ್ ಜೊತೆ ಸೇರಿದರೆ ಬಿಳಿ ಕೆಸರಾಗಿ ತಳಕ್ಕೆ ಕೂರುತ್ತದೆ. ಕೆಸರು ಕೂತರೆ ಇನ್‌ಹಿಬಿಟರ್ ಅಷ್ಟಕ್ಕಷ್ಟು ಕಳೆದುಹೋಯಿತು. ಹಾಗಾಗಿ ಬ್ಯಾಟರಿಗೆ ಹಾಕುವ, ಲವಣ ತೆಗೆದ ಡಿಎಂ ವಾಟರ್ ತರಿಸಿದೆವು. ಮೊದಲು ಕ್ಯಾಲ್ಸಿಯಂ ಕ್ಲೋರೈಡ್ ಇದ್ದ ಟ್ಯಾಂಕಿಗೆ ಪಿಜಿ ಹಾಕುವವರು ಇನ್ನೂ ಹುಷಾರಾಗಿರಬೇಕು. ತೊಳೆದ ನೀರಿನಲ್ಲಿ ಉಪ್ಪಿನ ಸುಳಿವೂ ಉಳಿಯದ ತನಕ ತೊಳೆಯಬೇಕು. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಇದ್ದರೆ ಕೆಲಸ ಸುಲಭ.

ಕೆಲಸದಲ್ಲಿ ಸರಕು ಹೇಗಿದೆ? ಬೇಸಿಗೆಯಲ್ಲಿ ಪೂರಾ ದಮ್ ಕಟ್ಟಿ ದುಡಿದಿದೆ. ಮೋಲ್ಡುಗಳಿಗೆ ಹೊಸ ತೂತು ಬಿದ್ದಿಲ್ಲ. ಕಾಯಿಲ್ ತಾಮ್ರದ ಬಣ್ಣದಲ್ಲೇ ಇದೆ. ಮೋಲ್ಡಿನ ಹೊರಮೈ ಮೇಲೆ ಬಿಳಿ ಹಿಟ್ಟಿನಂಥ ಉಪ್ಪು ಕೂರುವುದು ನಿಂತಿದೆ, ಕೆಲಸದ ಹುಡುಗರ ಕೈ ಉರಿಯೂ ನಿಂತಿದೆ. ಒಂದು ಮಾರ್ಕು ಕಳೆದದ್ದು ವೇಗಕ್ಕೆ. ಕ್ಯಾಲ್ಸಿಯಂ ಕ್ಲೋರೈಡ್ ಹಾಕಿದ ಪಕ್ಕದ ಗಾಲಾದವರ ಬ್ಯಾಚ್ ನಮ್ಮದಕ್ಕಿಂತ ಮೊದಲು ಸೆಟ್ ಆಗುತ್ತದೆ. ಏಪ್ರಿಲ್, ಮೇನಲ್ಲಿ ಆರ್ಡರ್ ತಲೆ ಮೇಲೆ ಕೂತಾಗ ಆ ಅಂತರ ಚುಚ್ಚುತ್ತದೆ. ಅದು ಅಂಗಡಿಯ ತಪ್ಪಲ್ಲ, ಪಿಜಿಯ ಜಾತಿಗುಣ.

ಮಳೆಗಾಲದಲ್ಲಿ ನಿಜವಾದ ಪರೀಕ್ಷೆ. ಪಿಜಿ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಜುಲೈನಲ್ಲಿ ಮುಂಬೈ ಗಾಳಿ ಅಂದರೆ ಅರ್ಧ ನೀರೇ. ಮುಚ್ಚಳ ತೆರೆದಿಟ್ಟ ತಣ್ಣನೆ ಟ್ಯಾಂಕಿನ ಮೇಲೆ ಆ ತೇವ ಇಳಿದು ಬ್ರೈನಿಗೆ ಸೇರುತ್ತದೆ. ಇದಕ್ಕೆ ಜೊತೆ ಮೋಲ್ಡಿನ ಓಡಾಟ. ಟ್ಯಾಂಕಿನಿಂದ ಎತ್ತಿದ ಮೋಲ್ಡಿಗೆ ಮಂದ ಗ್ಲೈಕಾಲ್ ಅಂಟಿಕೊಂಡು ಬರುತ್ತದೆ. ಬೆಚ್ಚಗಿನ ನೀರಿಗೆ ಅದ್ದಿದಾಗ ಅದು ಅಲ್ಲಿ ಕಳೆದುಹೋಗುತ್ತದೆ. ಮತ್ತೆ ತುಂಬಿಸಿ ಟ್ಯಾಂಕಿಗೆ ಇಳಿಸುವಾಗ ಒದ್ದೆ ಮೋಲ್ಡು ನೀರನ್ನು ಒಳಗೆ ತರುತ್ತದೆ. ಗ್ಲೈಕಾಲ್ ಹೊರಗೆ, ನೀರು ಒಳಗೆ. ಇಡೀ ದಿನ ಇದೇ ವ್ಯಾಪಾರ. ಮಟ್ಟ ಇಳಿದದ್ದು ಕಂಡರೆ ಕೆಲಸದ ಹುಡುಗ ನಲ್ಲಿ ನೀರನ್ನು ಒಂದು ಬಕೆಟ್ ಸುರಿದುಬಿಡುತ್ತಾನೆ. ಮಟ್ಟ ಸರಿಯಾಯಿತು, ಬ್ರೈನ್ ಕೆಟ್ಟಿತು. ನಾವೀಗ ಟ್ಯಾಂಕಿನ ಪಕ್ಕ ಬೆರೆಸಿಟ್ಟ ಬ್ರೈನಿನ ಕ್ಯಾನ್ ಇಟ್ಟಿದ್ದೇವೆ. ಟಾಪ್ ಅಪ್ ಅಂದರೆ ಅದರಿಂದಲೇ. ಮೋಲ್ಡನ್ನು ಎತ್ತಿದ ಮೇಲೆ ಟ್ಯಾಂಕಿನ ಮೇಲೇ ಸ್ವಲ್ಪ ಹೊತ್ತು ಹಿಡಿದು ಸೋರಿಸಬೇಕು. ವಾಪಸ್ ಇಳಿಸುವ ಮುಂಚೆ ತಳ ಒರೆಸಬೇಕು. ಇಷ್ಟಕ್ಕೇ ಗ್ಲೈಕಾಲ್ ಖರ್ಚು ಕಣ್ಣಿಗೆ ಕಾಣುವಷ್ಟು ಇಳಿಯಿತು.

ಇದೆಲ್ಲ ಗೊತ್ತಾದದ್ದು ರಿಫ್ರಾಕ್ಟೋಮೀಟರಿನಿಂದ. ಪೆನ್ನಿಗಿಂತ ದಪ್ಪ, ಟಾರ್ಚಿಗಿಂತ ಚಿಕ್ಕದು. ಗಾಜಿನ ಮೇಲೆ ಒಂದು ಹನಿ ಹಾಕಿ, ಮುಚ್ಚಳ ಮುಚ್ಚಿ, ಬೆಳಕಿಗೆ ಹಿಡಿದು ನೋಡಿದರೆ ನೀಲಿ ಬಿಳಿ ಗೆರೆ ಸೇರುವ ಕಡೆ ಎಷ್ಟು ಡಿಗ್ರಿ ತಡೆಯುತ್ತದೆ ಅಂತ ಕಾಣುತ್ತದೆ. ಗ್ಯಾರೇಜಿನವರು ಕಾರಿನ ಕೂಲೆಂಟಿಗೆ ಬಳಸುವುದೂ ಇದೇ. ಒಳಗೆ ಎಥಿಲೀನ್‌ಗೆ ಒಂದು ಅಂಕಣ, ಪ್ರೊಪಿಲೀನ್‌ಗೆ ಒಂದು, ಬ್ಯಾಟರಿ ಆಸಿಡ್‌ಗೆ ಮತ್ತೊಂದು. ಪ್ರೊಪಿಲೀನ್ ಅಂಕಣವನ್ನೇ ಓದಬೇಕು. ಕೊಳ್ಳುವಾಗ ಎಟಿಸಿ ಅಂತ ಬರೆದದ್ದು ನೋಡಿ, ಅದು ಹೊರಗಿನ ಸೆಖೆಗೆ ತಕ್ಕ ಹಾಗೆ ತಾನೇ ಸರಿಹೊಂದಿಸಿಕೊಳ್ಳುತ್ತದೆ. ಆದರೂ ತಣ್ಣನೆ ಬ್ರೈನನ್ನು ನೇರ ಹಾಕಬೇಡಿ. ಒಂದು ಲೋಟದಲ್ಲಿ ತೆಗೆದು, ಮುಚ್ಚಿಟ್ಟು, ಕೋಣೆಯ ಬಿಸಿಗೆ ಬಂದ ಮೇಲೆ ಹನಿ ಹಾಕಿ. ಮೊದಲು ಡಿಎಂ ವಾಟರ್ ಹಾಕಿ ಸೊನ್ನೆ ತೋರಿಸುತ್ತದಾ ಅಂತ ನೋಡಿಕೊಳ್ಳಿ, ಇಲ್ಲದಿದ್ದರೆ ಜೊತೆಗೆ ಬರುವ ಪುಟ್ಟ ಸ್ಕ್ರೂಡ್ರೈವರ್‌ನಿಂದ ತಿರುಗಿಸಿ. ಗಾಜಿನ ಹೈಡ್ರೋಮೀಟರ್ ಅಗ್ಗಕ್ಕೆ ಸಿಗುತ್ತದೆ ಅಂತ ತರಬೇಡಿ. ಪಿಜಿಯ ತೂಕ ನೀರಿಗೆ ತೀರಾ ಹತ್ತಿರ. ಗಾಢತೆ ಒಂದು ಮಟ್ಟ ದಾಟಿದ ಮೇಲೆ ತೂಕ ವಾಪಸ್ ಇಳಿಯುತ್ತದೆ. ಅದು ತೋರಿಸುವ ನಂಬರಿಗೆ ಅರ್ಥವೇ ಇರುವುದಿಲ್ಲ.

ಆಗಸ್ಟಿನಲ್ಲಿ ನೋಡಿದಾಗ ಮೈನಸ್ 21 ತೋರಿಸಿತು. ಅಂದರೆ 45 ಇದ್ದದ್ದು 40ಕ್ಕೆ ಬಂದಿದೆ. ಸರಿ ಮಾಡುವ ಲೆಕ್ಕ ಹೀಗೆ. ಎಷ್ಟು ಏರಿಸಬೇಕೋ ಅದನ್ನು, 100ರಿಂದ ಈಗಿರುವ ಪರ್ಸೆಂಟ್ ಕಳೆದು ಬಂದದ್ದರಿಂದ ಭಾಗಿಸಿ, ಟ್ಯಾಂಕಿನ ಲೀಟರಿನಿಂದ ಗುಣಿಸಿ. ನಮ್ಮದಕ್ಕೆ 5ನ್ನು 60ರಿಂದ ಭಾಗಿಸಿ 180ರಿಂದ ಗುಣಿಸಿದರೆ 15. ಟ್ಯಾಂಕಿನಿಂದ 15 ಲೀಟರ್ ತೆಗೆದು 15 ಲೀಟರ್ ನೀರು ಬೆರೆಸದ ಪಿಜಿ ಹಾಕಿದರೆ ಮತ್ತೆ 45. ತೆಗೆದದ್ದನ್ನು ಚೆಲ್ಲುವುದಿಲ್ಲ. ಅದಕ್ಕೆ ಒಂದಿಷ್ಟು ಪಿಜಿ ಸೇರಿಸಿ ಟಾಪ್ ಅಪ್ ಕ್ಯಾನಿಗೆ ಹಾಕಿಡುತ್ತೇವೆ. ಕಾಯಿಸಿದ ಹಾಲು ತಣಿಸುವ ಸಣ್ಣ ಚಿಲ್ಲರ್‌ಗೆ ಮಾತ್ರ ಯಾವಾಗಲೂ ಹೊಸ ಸರಕು.

ಆ ಚಿಲ್ಲರ್‌ಗೂ ಇದೇ ಪಿಜಿ, ಆದರೆ 30 ಪರ್ಸೆಂಟ್. ಅದು ಮುಚ್ಚಿದ ಲೈನ್, ಗಾಳಿ ಆಡುವುದಿಲ್ಲ, ಚೆಲ್ಲುವುದಿಲ್ಲ, ಅದರ ಕಡೆ ತಲೆ ಹಾಕುವುದೇ ಕಡಿಮೆ. ಹಾಲಿಗೆ ಮೈನಸ್ ಡಿಗ್ರಿ ಬೇಡವಲ್ಲ, ಹತ್ತು ಪರ್ಸೆಂಟ್ ಹಾಕಿದರೆ ಆಯಿತು ಅಂತ ಸಲಹೆ ಕೊಟ್ಟವರಿದ್ದಾರೆ. ಇಪ್ಪತ್ತಕ್ಕಿಂತ ಕಡಿಮೆ ಇದ್ದರೆ ಬ್ಯಾಕ್ಟೀರಿಯಾಕ್ಕೆ ಗ್ಲೈಕಾಲೇ ಊಟ. ಪೈಪಿನೊಳಗೆ ಪಾಚಿಯಂಥ ಲೋಳೆ ಬೆಳೆದು, ಬ್ರೈನ್ ಹುಳಿಯಾಗಿ, ನಾರುತ್ತದೆ. 25 ದಾಟಿಸಿದರೆ ಅವು ಬೆಳೆಯುವುದಿಲ್ಲ.

ಹುಳಿ ಎಷ್ಟಿದೆ ಅಂತ ತೋರಿಸುವ ಪಿಎಚ್ ಪಟ್ಟಿಯನ್ನೂ ಅಂಗಡಿಯವರೇ ಒಂದು ಡಬ್ಬಿ ಕೊಟ್ಟರು. ಹೊಸ ಸರಕು 9, 10ರ ಹತ್ತಿರ ತೋರಿಸುತ್ತದೆ. 8ಕ್ಕಿಂತ ಕೆಳಗೆ ಬಂದರೆ ಇನ್‌ಹಿಬಿಟರ್ ಖರ್ಚಾಗುತ್ತಿದೆ ಅಂತ ಲೆಕ್ಕ. 7ಕ್ಕೆ ಇಳಿದು, ಕಂದು ಬಣ್ಣ ಬಂದು, ಹುಳಿ ವಾಸನೆ ಹೊಡೆದರೆ ಅದನ್ನು ಉಳಿಸುವ ಪ್ರಯತ್ನವೇ ಬೇಡ, ಬದಲಾಯಿಸಿ. ನಮ್ಮ ಮೆಕ್ಯಾನಿಕ್ ಹೇಳುವ ಇನ್ನೊಂದು ಗುರುತು: ಬ್ರೈನಿಗೆ ನೀಲಿ ಹಸಿರು ಛಾಯೆ ಬಂತೆಂದರೆ ಕಾಯಿಲ್ಲಿನ ತಾಮ್ರ ಕರಗುತ್ತಿದೆ. ಡೈ ಹಾಕದ ಸರಕು ಕೊಂಡರೆ ಈ ಗುರುತು ಕಣ್ಣಿಗೆ ಬೀಳುತ್ತದೆ. ನಮ್ಮದು ಡೈ ಇಲ್ಲದ್ದು.

ಬೈಂದೂರಿನ ಅಣ್ಣ ಹೇಳಿದ ಒಂದು ವಿಷಯ ನನಗೆ ಹೊಸದಾಗಿತ್ತು. ಇದೇ ಕ್ಯಾನುಗಳು ಲೇಹ್, ಮನಾಲಿ ಕಡೆಯ ಹೋಟೆಲುಗಳಿಗೂ ಹೋಗುತ್ತವಂತೆ. ಅಲ್ಲಿ ಕೋಣೆ ಬಿಸಿ ಮಾಡುವ ಪೈಪಿಗೆ, ಸೋಲಾರ್ ಹೀಟರಿಗೆ ಹಾಕುತ್ತಾರೆ. ಚಳಿಗಾಲದಲ್ಲಿ ಹೋಟೆಲ್ ಮುಚ್ಚಿದಾಗ ಪೈಪಿನ ನೀರು ಗಟ್ಟಿಯಾಗಿ ಹಿಗ್ಗಿ ಪೈಪು ಒಡೆಯದಿರಲಿ ಅಂತ. ಅಲ್ಲಿ ಪಂಪು ನಿಂತಿರುತ್ತದೆ, ಒಳಗಿನದು ಅರೆ ಹರಳಾಗಿ ಕೆಸರಿನಂತಾದರೂ ಪರವಾಗಿಲ್ಲ, ಪೈಪು ಒಡೆಯುವುದಿಲ್ಲ. ಹಾಗಾಗಿ ಅದೇ ಚಳಿಗೆ ಕಡಿಮೆ ಗ್ಲೈಕಾಲ್ ಸಾಕಾಗುತ್ತದೆ. ನಮ್ಮದು ಸದಾ ಹರಿಯುತ್ತಿರಬೇಕು, ಕೆಸರಾದರೆ ನಡೆಯುವುದಿಲ್ಲ. ಅವರಿಗೆ ಕೊಡುವ ಲೆಕ್ಕವನ್ನೇ ಕೆಲವು ವ್ಯಾಪಾರಿಗಳು ನಮಗೂ ಒಪ್ಪಿಸುತ್ತಾರೆ. ಕ್ಯಾನಿನ ಮೇಲಿನ ಕೋಷ್ಟಕದಲ್ಲಿ ಬರ್ಸ್ಟ್ ಮತ್ತು ಫ್ರೀಜ್ ಅಂತ ಎರಡು ಸಾಲು ಇದ್ದರೆ ನಮ್ಮ ಕೆಲಸಕ್ಕೆ ಫ್ರೀಜ್ ಸಾಲನ್ನೇ ನೋಡಿ.

ಅಂಗಡಿಗೆ ಒಂದೂವರೆ ಮಾರ್ಕು ಯಾಕೆ ಕಳೆದೆ? ಅರ್ಧ ಮಾರ್ಕು ಡೆಲಿವರಿಗೆ. ಸಾಮಾನು ತಲುಪಿಸುತ್ತೇವೆ ಅಂದವರು ಟೆಂಪೋ ಎಲ್‌ಬಿಎಸ್ ರೋಡಿನಲ್ಲೇ ನಿಲ್ಲಿಸಿ, ಗಲ್ಲಿಯೊಳಗೆ ಬರುವುದಿಲ್ಲ ಅಂದರು. ಕ್ಯಾನುಗಳನ್ನು ನಮ್ಮ ಹುಡುಗರೇ ಹೊತ್ತು ತಂದರು. ಇನ್ನೊಂದು ಮಾರ್ಕು ಹಳೇ ಸರಕಿಗೆ. ಆ ಹಸಿರು ನೀರನ್ನು ಏನು ಮಾಡಲಿ ಅಂತ ಕೇಳಿದಾಗ ಸೇಠ್ ಕೈ ಆಡಿಸಿ, "ಗಟಾರಕ್ಕೆ ಬಿಡಿ" ಅಂದುಬಿಟ್ಟರು. ಭಾಂಡುಪ್‌ನ ಗಟಾರ ಎಲ್ಲಿಗೆ ಹೋಗುತ್ತದೆ ಅಂತ ನಮಗೆ ಗೊತ್ತು, ಥಾಣೆ ಖಾಡಿಗೆ, ಅಂದರೆ ಅಲ್ಲಿನ ಸಮುದ್ರದ ಹಿನ್ನೀರಿಗೆ. ಚಳಿಗಾಲದಲ್ಲಿ ಪಂಪಿಂಗ್ ಸ್ಟೇಷನ್ ಕಡೆ ಫ್ಲೆಮಿಂಗೋ ನೋಡಲು ಜನ ಸಾಲುಗಟ್ಟುತ್ತಾರೆ. ಆ ಖಾಡಿಗೆ 2022ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಯ ಮಾನ್ಯತೆ ಬೇರೆ ಸಿಕ್ಕಿದೆ. ಗ್ಲೈಕಾಲ್ ನೀರಿಗೆ ಬಿದ್ದರೆ ಬ್ಯಾಕ್ಟೀರಿಯಾ ಅದನ್ನು ತಿನ್ನುತ್ತಾ ನೀರಿನ ಆಕ್ಸಿಜನ್ನನ್ನೆಲ್ಲ ಹೀರಿಬಿಡುತ್ತವೆ, ಮೀನು ಸಾಯುತ್ತವೆ. ಪಿಜಿಯೂ ಇದಕ್ಕೆ ಹೊರತಲ್ಲ. ಎಂಇಜಿ ಆದರೆ ವಿಷವೂ ಸೇರಿತು. ಮಾರುವವರು ಹಳೆಯದನ್ನು ವಾಪಸ್ ತಗೊಳ್ಳುವ ಏರ್ಪಾಡು ಇಟ್ಟುಕೊಳ್ಳಬೇಕು. ದುಡ್ಡು ಕೊಡಲು ನಾನು ತಯಾರಿದ್ದೆ. ಕೊನೆಗೆ ನಮ್ಮ ಮೆಕ್ಯಾನಿಕ್ ತಳೋಜಾ ಕಡೆಯ ಕೈಗಾರಿಕಾ ಕಸ ವಿಲೇವಾರಿ ಮಾಡುವವರನ್ನು ವಿಚಾರಿಸಿ ಕಳಿಸಿಕೊಟ್ಟರು.

ಸಣ್ಣ ಟೇಬಲ್ ಮೆಷಿನ್ ಇಟ್ಟುಕೊಂಡು ಮನೆಯಿಂದಲೇ ಕುಲ್ಫಿ ಮಾಡುವವರು ಮಸ್ಜಿದ್ ಬಂದರ್‌ವರೆಗೆ ಹೋಗಬೇಕಿಲ್ಲ. ಇನ್‌ಹಿಬಿಟರ್ ಇರುವ ಫುಡ್ ಗ್ರೇಡ್ ಪಿಜಿ ಸಣ್ಣ ಕ್ಯಾನಿನಲ್ಲಿ ಆನ್‌ಲೈನ್ ಕೂಡ ಸಿಗುತ್ತದೆ. ಆರ್ಡರ್ ಮಾಡುವ ಮುಂಚೆ ಸರ್ಟಿಫಿಕೇಟಿನ ಫೋಟೋ ಕಳಿಸಲು ಹೇಳಿ. ದೊಡ್ಡ ಟ್ಯಾಂಕಿನವರು ಮಾತ್ರ ಅಂಗಡಿಗೇ ಹೋಗಿ. ಶನಿವಾರ ಬೇಡ, ಬುಧವಾರ ಅಥವಾ ಗುರುವಾರ ಬೆಳಿಗ್ಗೆ ಹನ್ನೊಂದರ ಮೇಲೆ ಹೋದರೆ ಲೆಕ್ಕದ ಅಣ್ಣನಿಗೆ ಮಾತಾಡಲು ಪುರುಸೊತ್ತು ಇರುತ್ತದೆ.